ಸೆಕೆಂಡ್ ಇಯರಲ್ಲಿ ಹುಡುಗಿಯರ ಕಾಲೇಜಿಗೆ

ಡಿಗ್ರಿ ಮಧ್ಯದಲ್ಲಿ ಕಾಲೇಜು ಬದಲಾಯಿಸಿದವರಿಗೆ ಒಂದು ಪ್ರಶ್ನೆ ಗ್ಯಾರಂಟಿ, "ಅಲ್ಲಿ ಎಂತಾಯ್ತು?" ಅಂತ. ಎಂತದ್ದೋ ಆಗಿರ್ಲೇಬೇಕು ಅಂತ ಕೇಳುವವರಿಗೆ. ಅದೂ ಕೋ-ಎಡ್ ಬಿಟ್ಟು ಹುಡುಗಿಯರ ಕಾಲೇಜಿಗೆ ಬಂದ್ರೆ ಕೇಳುದೇ ಬೇಡ, ಲವ್ವೋ, ಗಲಾಟೆಯೋ, ಮನೆಯವರು ಎಳ್ಕೊಂಡು ಬಂದದ್ದೋ, ಕಥೆ ಅವರೇ ರೆಡಿ ಮಾಡಿ ಇಟ್ಟಿರ್ತಾರೆ. ನನ್ನ ಕಾರಣಗಳನ್ನು ಹೇಳಿದ್ರೆ ಅವರ ಮುಖ ಚಪ್ಪೆ ಆಗುದನ್ನು ನಾನು ತುಂಬ ಸಲ ನೋಡಿದ್ದೇನೆ. ಫೀಸು, ಹಾಸ್ಟೆಲ್ ಖರ್ಚು, ಮತ್ತೆ ಆ ದೊಡ್ಡ ಕಾಲೇಜಲ್ಲಿ ನಾನು ಇದ್ದೇನೋ ಇಲ್ವೋ ಅಂತ ನನಗೇ ಡೌಟು ಬರ್ಲಿಕ್ಕೆ ಶುರುವಾದದ್ದು. ಅಷ್ಟೇ.

ನಮ್ಮ ಮನೆ ಪಡುಬಿದ್ರಿ ಹತ್ತಿರ. ಉಡುಪಿಗೂ ಮಂಗಳೂರಿಗೂ ನಡುವೆ ಇರುವ ಊರಿನವರಿಗೆ ಒಂದು ಅನುಕೂಲ, ಎರಡೂ ಕಡೆ ಬಸ್ಸು ಉಂಟು. ಅಪ್ಪ ಮುಂಬಯಿಯಲ್ಲಿ ಹೋಟೆಲಲ್ಲಿ ಕೆಲಸಕ್ಕಿದ್ದವರು, 2020ರ ಲಾಕ್‌ಡೌನಲ್ಲಿ ಬಂದವರು ಮತ್ತೆ ಹೋಗ್ಲೇ ಇಲ್ಲ, ಆ ಹೋಟೆಲೇ ಬಾಗಿಲು ಹಾಕಿತ್ತು. ಅಮ್ಮ ಬೀಡಿ ಕಟ್ಟುದು. ಪಿಯುಸಿಯಲ್ಲಿ ನನಗೆ ಮಾರ್ಕು ಚೆನ್ನಾಗಿ ಬಂದದ್ದಕ್ಕೆ (ಆ ವರ್ಷ ಕೊರೊನಾದಿಂದ ಪರೀಕ್ಷೆಯೇ ಇಲ್ಲದೆ ಎಲ್ಲರೂ ಪಾಸು, ಆದ್ರೂ ಮಾರ್ಕು ಮಾರ್ಕೇ ಅಲ್ವಾ) ಉಡುಪಿ ಕಡೆಯ ಒಂದು ದೊಡ್ಡ ಕಾಲೇಜಿಗೆ ಸೇರಿಸಿದ್ರು, ಹೆಸರು ಬೇಡ, ಹಾಸ್ಟೆಲ್ ಸಹಿತ. ನಮ್ಮದು 2021ರ ಬ್ಯಾಚು, ಕರ್ನಾಟಕದಲ್ಲಿ ಎನ್‌ಇಪಿ, ಅಂದ್ರೆ ಹೊಸ ರಾಷ್ಟ್ರೀಯ ಶಿಕ್ಷಣ ನೀತಿ, ಶುರುವಾದ ಮೊದಲನೇ ಬ್ಯಾಚು. ಎರಡು ಮೇಜರು, ಎರಡು ಭಾಷೆ, ಓಪನ್ ಇಲೆಕ್ಟಿವ್ ಅಂತೊಂದು, ಡಿಜಿಟಲ್ ಫ್ಲುಯೆನ್ಸಿ ಅಂತ ಇನ್ನೊಂದು. ಎಂತ ಓದುದು, ಎಷ್ಟು ಓದುದು ಅಂತ ನಮಗೂ ಗೊತ್ತಿಲ್ಲ, ಪಾಠ ಮಾಡುವವರಿಗೂ ಅರ್ಧಂಬರ್ಧ. ಓಪನ್ ಇಲೆಕ್ಟಿವ್ ಕ್ಲಾಸಲ್ಲಿ ನೂರಕ್ಕೂ ಮೇಲೆ ಜನ, ಹಿಂದಿನ ಬೆಂಚಿನವರಿಗೆ ಬೋರ್ಡು ಕಾಣುದಿಲ್ಲ, ಮುಂದಿನ ಬೆಂಚಿನವರಿಗೆ ಫ್ಯಾನಿನ ಸೌಂಡಲ್ಲಿ ಲೆಕ್ಚರರ ಮಾತು ಕೇಳುದಿಲ್ಲ.

ಆ ಕಾಲೇಜು ಕೆಟ್ಟದ್ದು ಅಂತ ಹೇಳುದಲ್ಲ ನಾನು. ಒಳ್ಳೆ ಲೈಬ್ರರಿ, ಗ್ರೌಂಡು, ಕ್ಯಾಂಟೀನಲ್ಲಿ ಬನ್ಸು ಸೂಪರ್. ಆದ್ರೆ ಒಂದು ವಿಷಯ ನನಗೆ ಅರ್ಥ ಆದದ್ದು ಅಲ್ಲಿಂದ ಹೊರಗೆ ಬಂದ ಮೇಲೆ. ಅಲ್ಲಿ ಫೆಸ್ಟ್ ಬಂತು ಅಂದ್ರೆ ಹುಡುಗಿಯರಿಗೆ ಸೀರೆ ಉಟ್ಟು ರಿಸೆಪ್ಷನಲ್ಲಿ ನಿಲ್ಲುದು, ಆರತಿ ತಟ್ಟೆ, ರಂಗೋಲಿ, ಪ್ರಾರ್ಥನೆ, ಹೆಚ್ಚೆಂದ್ರೆ ಆ್ಯಂಕರಿಂಗ್. ಹುಡುಗರಿಗೆ ಸ್ಟೇಜು, ಸೌಂಡು, ಸ್ಪಾನ್ಸರ್, ಲೆಕ್ಕಪತ್ರ. ಯಾರೂ ಕೂತು ಹೀಗೆ ಹಂಚಿದ್ದಲ್ಲ. ಹುಡುಗಿಯರು ಮಾಡ್ಬಾರ್ದು ಅಂತ ಯಾರೂ ಹೇಳಿಯೂ ಇಲ್ಲ. ಮೀಟಿಂಗ್ ಮುಗಿಯುವಾಗ ಅದು ಹಾಗೆಯೇ ಆಗಿರ್ತಿತ್ತು, ನಾವೂ ಸೀರೆ ಯಾವ ಬಣ್ಣದ್ದು ಅಂತ ಡಿಸ್ಕಷನ್ ಶುರು ಮಾಡಿರ್ತಿದ್ದೆವು. ಕ್ಲಾಸಲ್ಲಿ ಕೂಡ ಎಡಬದಿ ನಾವು, ಬಲಬದಿ ಅವರು, ಪ್ರಶ್ನೆ ಕೇಳಿದ್ರೆ ಉತ್ತರ ಬರುದು ಬಲಬದಿಯಿಂದ, ಸರಿಯೋ ತಪ್ಪೋ ಅದು ಬೇರೆ ವಿಷಯ. ಎರಡು ಸೆಮಿಸ್ಟರಲ್ಲಿ ನಾನು ಕ್ಲಾಸಲ್ಲಿ ಬಾಯಿ ತೆರೆದದ್ದು ಅಟೆಂಡೆನ್ಸ್‌ಗೆ ಮಾತ್ರ.

ಸೆಕೆಂಡ್ ಇಯರಿನ ಫೀಸು ಕಟ್ಟುವ ಹೊತ್ತಿಗೆ ಮನೆಯಲ್ಲಿ ಲೆಕ್ಕ ಹಾಕಿದ್ರು. ಅಪ್ಪನಿಗೆ ಆಗ ಒಂದು ಕ್ಯಾಂಟೀನಲ್ಲಿ ಕೆಲಸ ಸಿಕ್ಕಿತ್ತಷ್ಟೆ. ಮಂಗಳೂರಲ್ಲಿ ಉರ್ವದಲ್ಲಿ ದೊಡ್ಡಮ್ಮನ ಮನೆ ಉಂಟು, ಅಲ್ಲಿಂದ ನಡ್ಕೊಂಡು ಬೇಕಾದ್ರೂ ಹೋಗಬಹುದಾದ ದೂರದಲ್ಲಿ ಹುಡುಗಿಯರ ಒಂದು ಸಣ್ಣ ಅನುದಾನಿತ ಕಾಲೇಜು, ಫೀಸು ತುಂಬ ಕಡಿಮೆ. ದೊಡ್ಡಮ್ಮನಿಗೆ ಫೋನ್ ಮಾಡಿ ಅಮ್ಮ ಕೇಳಿದ್ದಕ್ಕೆ ಅವರು, "ಹೆಣ್ಮಕ್ಕಳ ಕಾಲೇಜಾ? ಹಾಗಾದ್ರೆ ಇಲ್ಲಿಯೇ ಇರ್ಲಿ ಅವಳು, ನನಗೆ ಮಂಡೆಬಿಸಿ ಇಲ್ಲ" ಅಂದ್ರು. ಕೋ-ಎಡ್ ಆಗಿದ್ರೆ ಮಂಡೆಬಿಸಿ ಉಂಟು ಅಂತ ಅರ್ಥ. ಈ ಮಂಡೆಬಿಸಿ ಇಲ್ಲದ ಕಾಲೇಜು ಅನ್ನುವುದು ನಮ್ಮ ಕಡೆ ದೊಡ್ಡ ಕ್ವಾಲಿಫಿಕೇಶನ್. ಕಾಲೇಜಿನ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಗ್ರೇಡ್ ಎಷ್ಟು ಅಂತ ಯಾರೂ ಕೇಳಿಲ್ಲ.

ಟ್ರಾನ್ಸ್‌ಫರ್ ಅಂದ್ರೆ ಒಂದು ಅರ್ಜಿ ಕೊಟ್ರೆ ಆಯ್ತು ಅಂತ ನಾನು ಅಂದುಕೊಂಡಿದ್ದೆ. ಇಲ್ಲಿಂದ ಬಿಡ್ತೇವೆ ಅಂತ ಒಂದು ಎನ್‌ಒಸಿ, ಅಲ್ಲಿಂದ ತಗೊಳ್ತೇವೆ ಅಂತ ಇನ್ನೊಂದು ಎನ್‌ಒಸಿ, ಇವೆರಡನ್ನೂ ಇಟ್ಟು ಯೂನಿವರ್ಸಿಟಿಯ ಪರ್ಮಿಷನ್, ಆಮೇಲೆ ಟಿಸಿ. ಅಲ್ಲಿ ಇದ್ದ ಮೇಜರುಗಳೇ ಇಲ್ಲೂ ಇರ್ಬೇಕು. ನನ್ನದು ಇಕನಾಮಿಕ್ಸ್ ಮತ್ತು ಹಿಸ್ಟರಿ, ಅದೃಷ್ಟಕ್ಕೆ ಇತ್ತು. ಒಂದೇ ಯೂನಿವರ್ಸಿಟಿ ಒಳಗಿನ ಕಾಲೇಜುಗಳಾದ ಕಾರಣ ರಿಜಿಸ್ಟರ್ ನಂಬರ್, ಕ್ರೆಡಿಟ್ಟು ಎಲ್ಲ ಪೋರ್ಟಲಲ್ಲೇ ಬರ್ತದೆ ಅಂತ ಒಬ್ಬರು, ಇಲ್ಲ ಬರುದಿಲ್ಲ ಮಾರ್ಕ್ಸ್‌ಕಾರ್ಡ್ ಒರಿಜಿನಲ್ ತನ್ನಿ ಅಂತ ಇನ್ನೊಬ್ಬರು. ಹಳೆ ಕಾಲೇಜಿನ ಆಫೀಸಲ್ಲಿ ನನ್ನ ಫೈಲು ಒಂದು ಟೇಬಲಿಂದ ಇನ್ನೊಂದು ಟೇಬಲಿಗೆ ಹೋಗ್ಲಿಕ್ಕೆ ತಗೊಂಡ ದಿನಗಳಲ್ಲಿ ನಾನು ಯೂನಿವರ್ಸಿಟಿ ಇರುವ ಕೊಣಾಜೆಗೆ ಹೋಗಿ ಬರ್ತಿದ್ದೆ. ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಂದ ಬಸ್ಸು ಹತ್ತಿ, ನೇತ್ರಾವತಿ ಸಂಕ ದಾಟಿ, ತೊಕ್ಕೊಟ್ಟು, ದೇರಳಕಟ್ಟೆ, ಆಮೇಲೆ ಮಂಗಳಗಂಗೋತ್ರಿ. ಆ ಗುಡ್ಡದ ಮೇಲಿನ ಕ್ಯಾಂಪಸ್ ನೋಡಿ ಮುಂದೆ ಇಲ್ಲೇ ಎಂಎ ಮಾಡ್ಬೇಕು ಅಂತ ಅನ್ನಿಸಿದ್ದು ಆಗ. ಚಲನ್ ಕೈಯಲ್ಲಿ ಹಿಡ್ಕೊಂಡು ಕ್ಯೂನಲ್ಲಿ ನಿಂತಿರುವಾಗ ಹುಟ್ಟಿದ ಮಹತ್ವಾಕಾಂಕ್ಷೆ!

ಮಂಗಳೂರಿಗೆ ಹುಡುಗಿಯರ ಕಾಲೇಜು ಹೊಸ ವಿಷಯ ಅಲ್ಲ. ಬೆಂದೂರಿನ ಸೈಂಟ್ ಆಗ್ನೆಸನ್ನು ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಶುರು ಮಾಡಿದ್ದು 1921ರಲ್ಲಿ. ಆಗ ಇದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕೆನರಾ ಜಿಲ್ಲೆ, ಡಿಗ್ರಿ ಕೊಡುದು ಮದ್ರಾಸ್ ಯೂನಿವರ್ಸಿಟಿ. ರಾಜ್ಯ ಒಂದಾದ ಮೇಲೆ ಮೈಸೂರು ಯೂನಿವರ್ಸಿಟಿ ಬಂತು, ನಮ್ಮದೇ ಯೂನಿವರ್ಸಿಟಿ ಅಂತ ಆದದ್ದು 1980ರಲ್ಲಿ. ಕೊಡಿಯಾಲ್‌ಬೈಲಲ್ಲಿ ಬೆಸೆಂಟ್ ಉಂಟು, ಬಲ್ಮಠದಲ್ಲಿ ಸರ್ಕಾರಿ ಮಹಿಳಾ ಕಾಲೇಜು, ಉಡುಪಿಯಲ್ಲಿ ಅಜ್ಜರಕಾಡಿನದ್ದು. ಬೀಡಿ ಕಟ್ಟುವ, ಮೀನು ಮಾರುವ, ಗೇರುಬೀಜ ಫ್ಯಾಕ್ಟರಿಗೆ ಹೋಗುವ ಅಮ್ಮಂದಿರ ಎಷ್ಟೋ ಮಕ್ಕಳು ಡಿಗ್ರಿ ಮಾಡಿದ್ದು ಇಂಥ ಕಡೆಗಳಲ್ಲೇ. ಕೋ-ಎಡ್‌ಗೆ ಕಳಿಸ್ಲಿಕ್ಕೆ ಒಪ್ಪದ ಮನೆಯಿಂದ ಹುಡುಗಿ ಹೊರಗೆ ಬರ್ಬೇಕಾದ್ರೆ ಇದೊಂದು ದಾರಿ. ನನ್ನದು ಇವುಗಳಲ್ಲಿ ಯಾವುದೂ ಅಲ್ಲ, ಇವುಗಳ ಮುಂದೆ ತೀರಾ ಚಿಕ್ಕದು. ಎರಡು ಮಾಳಿಗೆ, ಹಂಚಿನ ಮಾಡಿನ ಒಂದು ಹಳೆ ಬ್ಲಾಕು, ಮಳೆಗಾಲದಲ್ಲಿ ಕಾರಿಡಾರಲ್ಲಿ ಸಾಲಾಗಿ ಬಿಡಿಸಿಟ್ಟ ಕೊಡೆಗಳು. ನಮ್ಮ ಕ್ಲಾಸಲ್ಲಿ ಇಪ್ಪತ್ತು ಚಿಲ್ಲರೆ ಜನ.

ಸೇರಿದ ಹೊಸತರಲ್ಲಿ ಒಂದು ದಿನ ಪ್ರೊಜೆಕ್ಟರ್ ಆಫ್ ಆಯ್ತು. ಮ್ಯಾಮ್ "ಯಾರಾದ್ರೂ ನೋಡಿ" ಅಂದ್ರು. ನಾನು ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದೆ, ಅಟೆಂಡರಣ್ಣ ಬರ್ತಾರೇನೋ ಅಂತ. ಅಷ್ಟರಲ್ಲಿ ನನ್ನ ಪಕ್ಕದವಳು ದುಪಟ್ಟಾ ಸೊಂಟಕ್ಕೆ ಕಟ್ಟಿ ಬೆಂಚು ಹತ್ತಿ ಆಗಿತ್ತು, ಇನ್ನೊಬ್ಬಳು ಕೆಳಗಿಂದ ಬೆಂಚು ಹಿಡ್ಕೊಂಡಿದ್ದಳು. ವಯರು ಲೂಸ್ ಇತ್ತು, ಕೂರಿಸಿದಳು, ಇಳಿದಳು, ಕೈ ಒರೆಸಿಕೊಂಡಳು, ಪಾಠ ಮುಂದುವರಿಯಿತು. ಯಾರೂ ಚಪ್ಪಾಳೆ ಹೊಡೀಲಿಲ್ಲ. ಹುಡುಗಿ ಒಬ್ಬಳು ವಯರು ಕೂರಿಸಿದ್ದಕ್ಕೆ ಅಲ್ಲಿ ಯಾರಿಗೂ ಆಶ್ಚರ್ಯ ಇಲ್ಲ. ಇಂಟರ್ನಲ್ಸ್ ಇದ್ರೆ ಮೇಲಿನ ಮಾಳಿಗೆಗೆ ಬೆಂಚು ಹೊರುದು ನಾವು, ಬಾಡಿಗೆಗೆ ತಂದ ಚೇರು ಲೆಕ್ಕ ಮಾಡಿ ಇಳಿಸಿಕೊಳ್ಳುದು ನಾವು, ಶಾಮಿಯಾನದವನ ಹತ್ತಿರ ರೇಟಿಗೆ ಜಗಳ ಮಾಡುದು ನಾವು, ಬಿಲ್ಲು ಟ್ಯಾಲಿ ಆಗದಿದ್ರೆ ರಾತ್ರಿ ಹನ್ನೊಂದರವರೆಗೆ ಗ್ರೂಪಲ್ಲಿ ಕಿತ್ತಾಡುದು ಸಹ ನಾವೇ. ಬೇರೆ ಯಾರೂ ಇಲ್ವಲ್ಲ ಮಾರಾಯ್ರೆ.

ಮನೆಯವರು ನಮ್ಮನ್ನು ಅಲ್ಲಿಗೆ ಕಳಿಸಿದ್ದು ಯಾವುದಕ್ಕೆ, ನಮಗೆ ಅಲ್ಲಿ ಸಿಕ್ಕಿದ್ದು ಎಂತದ್ದು! ಅವರಿಗೆ ಬೇಕಾದದ್ದು ಸೇಫ್ಟಿ, ಹದ್ದುಬಸ್ತು. ನಮಗೆ ಸಿಕ್ಕಿದ್ದು ಕೆಲಸ. ಕೆಲಸ ಮಾಡಿ ಮಾಡಿ ಬಂದ ಒಂದು ನಮೂನೆಯ ಅಹಂಕಾರ.

ಹಾಗಂತ ಸ್ವರ್ಗ ಅಂತ ಬರೆದ್ರೆ ನನ್ನ ಕ್ಲಾಸ್‌ಮೇಟ್‌ಗಳೇ ಬಂದು ಹೊಡೀತಾರೆ. ಬೆಳಿಗ್ಗೆ ಬೆಲ್ ಆದ ಮೇಲೆ ಗೇಟು ಹಾಕಿದ್ರೆ ಸಂಜೆವರೆಗೆ ತೆರೆಯುದಿಲ್ಲ. ಫೋನು ಆಫೀಸಿನ ಡಬ್ಬದಲ್ಲಿ. ಮಧ್ಯಾಹ್ನ ಎದುರಿನ ಅಂಗಡಿಗೆ ಹೋಗಿ ಒಂದು ಬೊಂಡ (ಎಳನೀರು) ಕುಡಿಯುದಕ್ಕೂ ಪರ್ಮಿಷನ್ ಲೆಟರು, ಅದಕ್ಕೆ ಕಾರಣ ಬರೀಬೇಕು, "ಸೆಕೆ" ಅಂತ ಬರೆದ್ರೆ ನಡೆಯುದಿಲ್ಲ. ದುಪಟ್ಟಾಗೆ ಎರಡೂ ಬದಿ ಪಿನ್ನು. ಸತತ ಎರಡು ದಿನ ರಜೆ ಹಾಕಿದ್ರೆ ಮನೆಗೆ ಫೋನು, ಅದೂ ಅಪ್ಪನ ನಂಬರಿಗೇ ಮಾಡುದು. ನಾವು ವೋಟು ಹಾಕುವ ವಯಸ್ಸಿನವರು! 2023ರ ಮೇ ತಿಂಗಳಲ್ಲಿ ವಿಧಾನಸಭೆ ಎಲೆಕ್ಷನ್‌ಗೆ ಮೊದಲ ಸಲ ವೋಟು ಹಾಕಿ, ಬೆರಳಿನ ಶಾಯಿ ಹೋಗುವ ಮೊದಲು ಕಾಲೇಜಿಗೆ ಬಂದು ಅಪ್ಪನ ಸೈನ್ ಹಾಕಿದ ಲೆಟರು ಕೊಟ್ಟವಳು ನಾನು. ಐವತ್ತು ಸಾವಿರದ ಫೆಸ್ಟ್ ಬಜೆಟ್ಟನ್ನು ನಮ್ಮ ಕೈಗೆ ಕೊಡುವ ಕಾಲೇಜು ಬೊಂಡ ಕುಡಿದು ಬರ್ತೇನೆ ಅಂದ್ರೆ ನಂಬುದಿಲ್ಲ. ಇದನ್ನು ಒಮ್ಮೆ ಪ್ರಿನ್ಸಿಪಾಲ್ ಮ್ಯಾಮ್ ಹತ್ತಿರ ಕೇಳಿಯೂ ಆಯ್ತು, ನಮ್ಮ ಯೂನಿಯನ್ ಪ್ರೆಸಿಡೆಂಟ್ ಕೇಳಿದ್ದು, ನಾವೆಲ್ಲ ಹಿಂದೆ ನಿಂತದ್ದು. ಅವರು ನಕ್ಕು, "ನನಗೆ ಗೊತ್ತುಂಟು, ಆದ್ರೆ ನಿಮ್ಮ ಅಪ್ಪ-ಅಮ್ಮಂದಿರು ಆ ಗೇಟು ನೋಡಿಯೇ ನಿಮ್ಮನ್ನು ಇಲ್ಲಿಗೆ ಸೇರಿಸಿದ್ದು" ಅಂದ್ರು. ಅದು ಸತ್ಯವೂ ಹೌದು, ಸಿಟ್ಟು ಬರುವ ಮಾತೂ ಹೌದು.

ನಾನು ಸೇರಿದ ವಾರವೇ ಇನ್ನೊಬ್ಬಳೂ ಟಿಸಿ ತಗೊಂಡು ಬಂದಿದ್ದಳು, ಬಿಕಾಂಗೆ. ಲೇಟಾಗಿ ಸೇರಿದವರಿಬ್ಬರೂ ಐಡಿ ಕಾರ್ಡಿಗೆ ಒಟ್ಟಿಗೆ ಕಾಯ್ತಿದ್ದೆವು. "ನಿನ್ನದು ಎಂತಾಯ್ತು ಅಲ್ಲಿ?" ಅಂತ ಅವಳ ಹತ್ತಿರ ನಾನು ಕೇಳಿಲ್ಲ. ಕೇಳುವ ಅಗತ್ಯ ಇರ್ಲಿಲ್ಲ. ಉಡುಪಿಯ ಸರ್ಕಾರಿ ಬಾಲಕಿಯರ ಪಿಯು ಕಾಲೇಜಿಂದ ಶುರುವಾದ ಹಿಜಾಬ್ ವಿಷಯ ಆ ವರ್ಷ ಇಡೀ ದೇಶಕ್ಕೆ ಗೊತ್ತಾಗಿತ್ತು, 2022ರ ಮಾರ್ಚಲ್ಲಿ ಹೈಕೋರ್ಟ್ ಯೂನಿಫಾರ್ಮ್ ಬಗ್ಗೆ ಸರ್ಕಾರ ಮಾಡಿದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ಜಡ್ಜುಗಳು ಎರಡು ಬೇರೆ ಬೇರೆ ತೀರ್ಪು ಕೊಟ್ರು. ಕೋರ್ಟಲ್ಲಿ ಎಂತ ಆಗ್ತದೋ ಅಂತ ಕಾದು ಕೂತ್ರೆ ಸೆಮಿಸ್ಟರ್ ಹೋಗ್ತದೆ. ಅವಳ ಮನೆಯಲ್ಲಿ ಓದು ನಿಲ್ಲಿಸು ಅಂದಿದ್ರಂತೆ, ಅವಳೇ ಹಟ ಹಿಡಿದು ಕಾಲೇಜು ಹುಡುಕಿ, ಅಣ್ಣನ ಬೈಕಲ್ಲಿ ಕೂತು ಒಂದೊಂದು ಆಫೀಸಿಗೂ ಹೋಗಿ ವಿಚಾರಿಸಿದ್ದಂತೆ. ಇಲ್ಲಿ ಯಾರೂ ಅದರ ಬಗ್ಗೆ ಎಂತದೂ ಮಾತಾಡ್ಲಿಲ್ಲ, ಹಾಗೆಯೇ ಕ್ಲಾಸಿಗೆ ಬಂದಳು, ಹಾಗೆಯೇ ಕೂತಳು. ನಾನು ಫೀಸಿನ ಲೆಕ್ಕ ಹಾಕಿ ಬಂದವಳು. ಅವಳಿಗೆ ಓದು ಮುಂದುವರಿಸ್ಲಿಕ್ಕೆ ಬೇರೆ ಬಾಗಿಲೇ ಇರ್ಲಿಲ್ಲ. ಒಂದೇ ಫಾರ್ಮು, ಒಂದೇ ಚಲನ್, ಆದ್ರೆ ನಾವಿಬ್ಬರೂ ಟ್ರಾನ್ಸ್‌ಫರ್ ಆದದ್ದು ಅಂತ ಒಂದೇ ಮಾತಲ್ಲಿ ಹೇಳ್ಲಿಕ್ಕೆ ನನಗೆ ಇವತ್ತಿಗೂ ಒಂಥರಾ ಆಗ್ತದೆ. ಈಗ ಅವಳು ಸಿಎ ಇಂಟರ್‌ಗೆ ಓದ್ತಾ ಇದ್ದಾಳೆ, ನನ್ನ ಹತ್ತಿರ ಇನ್ಕಮ್ ಟ್ಯಾಕ್ಸ್ ಬಗ್ಗೆ ಜೋಕು ಹೇಳ್ತಾಳೆ, ನನಗೆ ಅರ್ಥ ಆಗುದಿಲ್ಲ.

ಕ್ಲಾಸಲ್ಲಿ ಇಪ್ಪತ್ತು ಚಿಲ್ಲರೆ ಜನ ಅಂದೆನಲ್ಲ, ಅಲ್ಲಿ ಅಡಗಿ ಕೂರ್ಲಿಕ್ಕೆ ಜಾಗ ಇಲ್ಲ. ಇಕನಾಮಿಕ್ಸ್ ಮ್ಯಾಮ್ ಸಾಲಾಗಿ ಕೇಳುವವರು. ಮೊದಲ ಬೆಂಚಿಂದ ಶುರು ಮಾಡಿ ಕೊನೆಯವಳವರೆಗೆ, ಗೊತ್ತಿಲ್ಲ ಅಂದ್ರೂ ನಿಂತು ಗೊತ್ತಿಲ್ಲ ಅಂತ ಪೂರ್ತಿ ವಾಕ್ಯದಲ್ಲಿ ಹೇಳ್ಬೇಕು. ಅಸಂಘಟಿತ ವಲಯ ಅಂತ ಪಾಠ ಬಂದ ದಿನ ಅವರು ಪುಸ್ತಕ ಮುಚ್ಚಿ, "ಯಾರ ಮನೆಯಲ್ಲಿ ಬೀಡಿ ಕಟ್ತಾರೆ?" ಅಂತ ಕೇಳಿದ್ರು. ನಾನು ಹಳೆ ಕಾಲೇಜಿನ ಅಡ್ಮಿಷನ್ ಫಾರ್ಮಲ್ಲಿ ತಾಯಿಯ ಉದ್ಯೋಗ ಅನ್ನುವಲ್ಲಿ ಗೃಹಿಣಿ ಅಂತ ಬರೆದಿದ್ದೆ, ಅಲ್ಲಿ ಎಲ್ಲರೂ ಹಾಗೇ ಬರೀತಿದ್ರು. ಇಲ್ಲಿ ಮೊದಲು ಒಂದು ಕೈ ಎದ್ದಿತು, ಆಮೇಲೆ ಮೂರು, ಆಮೇಲೆ ನನ್ನದು, ತಿರುಗಿ ನೋಡಿದ್ರೆ ಅರ್ಧ ಕ್ಲಾಸು. ಮ್ಯಾಮ್ ತಮ್ಮ ಕೈಯನ್ನೂ ಎತ್ತಿದ್ರು. "ನನ್ನ ಅಮ್ಮ ಕಟ್ಟಿದ ಬೀಡಿಯಲ್ಲೇ ನಾನು ಎಂಎ ಮಾಡಿದ್ದು" ಅಂದ್ರು.

ನನ್ನ ಪ್ರಾಜೆಕ್ಟಿನ ವಿಷಯ ಅವತ್ತೇ ಫಿಕ್ಸ್ ಆಯ್ತು. ಮನೆಗೆ ಹೋಗಿ ಅಮ್ಮನ ಎದುರು ನೋಟ್‌ಬುಕ್ ಹಿಡ್ಕೊಂಡು ಕೂತೆ. ಹುಟ್ಟಿದ ಲಾಗಾಯ್ತು ನೋಡಿದ ಕೆಲಸವನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆಗ. ಎಲೆಯನ್ನು ಹಿಂದಿನ ರಾತ್ರಿ ನೀರಿಗೆ ಹಾಕಿ, ಬಟ್ಟೆಯಲ್ಲಿ ಸುತ್ತಿ ಮೆತ್ತಗೆ ಮಾಡುದು. ಬೆಳಿಗ್ಗೆ ತಗಡಿನ ಅಳತೆ ಇಟ್ಟು ಕತ್ತರಿಯಲ್ಲಿ ಕತ್ತರಿಸುದು. ಗೆರಸೆ ಮಡಿಲಲ್ಲಿ ಇಟ್ಟು, ಒಂದು ಚಿಟಿಕೆ ಹೊಗೆಸೊಪ್ಪು ಹಾಕಿ, ಎರಡು ಬೆರಳಲ್ಲಿ ಸುರುಳಿ ಸುತ್ತಿ, ಉಗುರಲ್ಲಿ ತುದಿ ಮಡಚಿ, ನೂಲು ಸುತ್ತುದು. ಅಮ್ಮನಿಗೆ ಕೈ ನೋಡುವ ಅಗತ್ಯವೇ ಇಲ್ಲ, ಸೀರಿಯಲ್ ನೋಡ್ತಾ ನಡೀತದೆ. ಆದ್ರೆ ನಾನು ಕೂಲಿ ಎಷ್ಟು, ಕಟ್ಟಿದ ಬೀಡಿ ಕೊಡುವ ಬ್ರಾಂಚಲ್ಲಿ ಸರಿ ಇಲ್ಲ ಅಂತ ತೆಗೆದು ಹಾಕುದು ಎಷ್ಟು, ಎಲೆ ಹಾಳಾಗಿದ್ರೆ ಯಾರ ಲೆಕ್ಕಕ್ಕೆ ಅಂತ ಕೇಳ್ಲಿಕ್ಕೆ ಶುರು ಮಾಡಿದ ಮೇಲೆ ಅವರು ಟಿವಿ ಆಫ್ ಮಾಡಿದ್ರು. ಸಂಸತ್ತು ಬೀಡಿ ಕಾರ್ಮಿಕರ ಕಾನೂನು ಮಾಡಿದ್ದು 1966ರಲ್ಲಿ, ಕಲ್ಯಾಣ ನಿಧಿಯ ಕಾನೂನು 1976ರಲ್ಲಿ ಅಂತ ನಾನು ಓದಿ ಹೇಳಿದ್ದಕ್ಕೆ, "ಅದಕ್ಕೇ ಅಲ್ವಾ ನಿನಗೆ ಹೈಸ್ಕೂಲಲ್ಲಿ ಸ್ಕಾಲರ್‌ಶಿಪ್ ಬಂದದ್ದು, ನೀನೆಂತ ಈಗ ಹೊಸತು ಕಂಡುಹಿಡಿದವರ ಹಾಗೆ" ಅಂದ್ರು. ಕಾರ್ಡು, ಪಿಎಫ್ ಪುಸ್ತಕ ಎಲ್ಲ ಟ್ರಂಕಿಂದ ತೆಗೆದು ಹಾಸಿದ್ರು. ಅವರಿಗೆ ಗೊತ್ತಿದ್ದದ್ದನ್ನು ಬರೆದದ್ದು ಮಾತ್ರ ನಾನು. ವೈವಾದಲ್ಲಿ ಹೊರಗಿಂದ ಬಂದ ಸರ್ ಒಬ್ಬರು ನಿಮ್ಮ ಸ್ಯಾಂಪಲ್ ಎಲ್ಲಿಂದ ಅಂತ ಕೇಳಿದ್ರು. ಮನೆ, ಪಕ್ಕದ ಮನೆ, ಕ್ಲಾಸ್‌ಮೇಟ್‌ಗಳ ಮನೆ ಅಂದೆ. ಈ ಮಾತನ್ನು ಎಡಬದಿಯ ಬೆಂಚಲ್ಲಿ ಕೂತು ನಾನು ಹೇಳ್ತಿದ್ದೆನಾ, ಗೊತ್ತಿಲ್ಲ. ಹೇಳ್ತಿರ್ಲಿಲ್ಲ ಅಂತಲೇ ಅನ್ನಿಸ್ತದೆ.

ಇನ್ನು ಯಕ್ಷಗಾನದ ಬಗ್ಗೆ ಬರೆಯದಿದ್ರೆ ಈ ಬರಹ ಅರ್ಧವೇ. ನಮ್ಮ ಫೈನಲ್ ಇಯರಿನ ಕಾಲೇಜ್ ಡೇಗೆ ದೇವಿ ಮಹಾತ್ಮೆಯ ಒಂದು ಭಾಗ ಆಡಿಸಿದ್ರು, ಮಹಿಷಾಸುರ ವಧೆ. ನಮ್ಮ ಊರಲ್ಲಿ ಮೇಳದ ಆಟಕ್ಕೆ ಹೋದ್ರೆ ದೇವಿಯ ವೇಷವನ್ನೂ ಗಂಡಸರೇ ಮಾಡುದು, ಅದು ನಮಗೆ ಸಹಜ, ಯಾರೂ ಅದನ್ನು ವಿಶೇಷ ಅಂತ ನೋಡುದಿಲ್ಲ. ಇಲ್ಲಿ ಮಹಿಷಾಸುರನೂ ಹುಡುಗಿಯೇ ಆಗ್ಬೇಕು. ತೆಂಕುತಿಟ್ಟಲ್ಲಿ, ಅಂದ್ರೆ ನಮ್ಮ ಕಡೆಯ ಯಕ್ಷಗಾನದಲ್ಲಿ, ಹೆಂಗಸರು ಇಲ್ಲವೇ ಇಲ್ಲ ಅಂತಲ್ಲ, ಲೀಲಾವತಿ ಬೈಪಾಡಿತ್ತಾಯರು ಮೇಳದಲ್ಲೇ ಭಾಗವತಿಕೆ (ಹಾಡುಗಾರಿಕೆ) ಮಾಡಿದವರು, ಮಹಿಳಾ ತಂಡಗಳೂ ಸುಮಾರು ಉಂಟು. ಆದ್ರೆ ಮಹಿಷಾಸುರ ಅಂದ್ರೆ ಬಣ್ಣದ ವೇಷ, ಗಾತ್ರ ಬೇಕು, ಸ್ವರ ಬೇಕು, ಆ ಕೋಣನ ಕೊಂಬು ಹೊತ್ತು ಕುಣಿಯುವ ತಾಕತ್ತು ಬೇಕು.

ಗುರುಗಳು ಒಬ್ಬೊಬ್ಬರಿಗೂ ಆರ್ಭಟ ಕೊಟ್ಟು ನೋಡಿ ಅಂದ್ರು. ನಾವೆಲ್ಲ ಬೆಕ್ಕಿನ ಹಾಗೆ. ಕೊನೆಗೆ ಬಿಎಸ್ಸಿಯ ಒಬ್ಬಳು, ಅಟೆಂಡೆನ್ಸ್ ಕರೆದ್ರೆ ಮ್ಯಾಮ್‌ಗೆ ಎರಡು ಸಲ ಕೇಳ್ಬೇಕು ಅಷ್ಟು ಮೆಲ್ಲ ಮಾತಾಡುವವಳು, ಒಂದು ಸಲ ಉಸಿರು ಎಳೆದು ಬಿಟ್ಟದ್ದಕ್ಕೆ ಆಫೀಸಿಂದ ಕ್ಲರ್ಕ್ ಓಡಿ ಬಂದ್ರು. ಆಯ್ತು, ಮಹಿಷಾಸುರ ಸಿಕ್ಕಿತು. ಎರಡು ತಿಂಗಳು ಕ್ಲಾಸ್ ಮುಗಿದ ಮೇಲೆ ಪ್ರಾಕ್ಟೀಸು. ಆ ದಿನ ಮಧ್ಯಾಹ್ನದಿಂದ ಅವಳನ್ನು ಕೂರಿಸಿ ಬಣ್ಣ ಹಾಕ್ಲಿಕ್ಕೆ ಶುರು. ಕಪ್ಪು, ಕೆಂಪು ಆದ ಮೇಲೆ ಅಕ್ಕಿಹಿಟ್ಟಿನ ಚುಟ್ಟಿ, ಸಣ್ಣ ಸಣ್ಣ ಮುಳ್ಳಿನ ಹಾಗೆ ಮುಖದ ಸುತ್ತ ಒಂದೊಂದಾಗಿ ಇಡುದು, ಇಟ್ಟ ಮೇಲೆ ನಗ್ಲಿಕ್ಕಿಲ್ಲ, ಮಾತಾಡ್ಲಿಕ್ಕಿಲ್ಲ, ಸ್ಟ್ರಾ ಹಾಕಿ ನೀರು ಕುಡಿಸಿದ್ದು ನಾನು. ಬಟ್ಟೆ ಸುತ್ತಿ ಸುತ್ತಿ ಅವಳ ಸೊಂಟ, ಎದೆ ಎಲ್ಲ ಮೂರು ಪಟ್ಟು ಆಯ್ತು. ಮೇಳದಲ್ಲಿ ಮಹಿಷಾಸುರ ಸಭೆಯ ಹಿಂದಿಂದ ದೊಂದಿ ಬೆಳಕಲ್ಲಿ ಬರುದು, ಅದೇ ಮಜಾ. ಕಾಲೇಜು ಹಾಲಲ್ಲಿ ದೊಂದಿಗೆ ಪರ್ಮಿಷನ್ ಸಿಗ್ಲಿಲ್ಲ (ಇದೊಂದಕ್ಕೆ ಮಾತ್ರ ಕಾಲೇಜಿನದ್ದೇ ಸರಿ), ಹಾಗಾಗಿ ಹಾಲಿನ ಎಲ್ಲ ಲೈಟು ಆಫ್ ಮಾಡಿ ನಾಲ್ಕು ಜನ ಟಾರ್ಚ್ ಹಿಡಿದೆವು. ಹಿಂದಿನ ಬಾಗಿಲು ತೆರೆಯಿತು, ಚೆಂಡೆ ಬಿತ್ತು, ಅವಳು ಚೇರುಗಳ ನಡುವೆ ಬರುವಾಗ ಮುಂದಿನ ಸಾಲಲ್ಲಿ ಕೂತ ಚೀಫ್ ಗೆಸ್ಟ್ ಕಾಲು ಎತ್ತಿ ಚೇರಿನ ಮೇಲೆ ಇಟ್ಟುಕೊಂಡ್ರು.

ಅವಳ ಅಪ್ಪ ಬಂದಿದ್ರು. ಆಟ ಮುಗಿದ ಮೇಲೆ ಬಣ್ಣ ಹಾಕುವ ಚೌಕಿಗೆ, ಅಂದ್ರೆ ನಮ್ಮ ಕೆಮಿಸ್ಟ್ರಿ ಲ್ಯಾಬಿಗೆ, ಬಂದು ಬಾಗಿಲಲ್ಲಿ ನಿಂತ್ರು. "ಹೆಣ್ಣು ಮಗು ಅಂತ ಸಣ್ಣದೊಂದು ವೇಷ ಕೊಟ್ಟಿರ್ತಾರೆ ಅಂದುಕೊಂಡಿದ್ದೆ" ಅಂದ್ರು. ಅವಳು ಬಣ್ಣ ತೆಗೀತಾ ಇದ್ದಳು, ಅರ್ಧ ಮುಖ ಮಹಿಷಾಸುರ, ಅರ್ಧ ಮುಖ ತೆಂಗಿನೆಣ್ಣೆ. "ಪಪ್ಪಾ, ಹಸಿವಾಗ್ತದೆ" ಅಂದಳು.

ಈಗ ನಾನು ಮಂಗಳಗಂಗೋತ್ರಿಯಲ್ಲೇ ಎಂಎ ಮಾಡ್ತಾ ಇದ್ದೇನೆ. ಕೋ-ಎಡ್. ಮೊದಲನೇ ಸೆಮಿನಾರಿನ ದಿನ ಪ್ರೊಜೆಕ್ಟರ್ ವಯರಿಗೆ ನಾನೂ ಒಬ್ಬ ಹುಡುಗನೂ ಒಟ್ಟಿಗೆ ಕೈ ಹಾಕಿದೆವು. ಅವನು "ನಾನು ಮಾಡ್ತೇನೆ ಬಿಡಿ" ಅಂದ, ನಾನು "ಆಯ್ತಲ್ಲ" ಅಂದೆ, ಆಗಿತ್ತು ಸಹ. ಆದ್ರೆ ಎಲ್ಲರಿಗೂ ಹೀಗೆ ಆಗಿದೆ ಅಂತ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ. ನಮ್ಮದೇ ಕ್ಲಾಸಿನ ಒಬ್ಬಳು, ಶಾಮಿಯಾನದವನನ್ನು ಅಳಿಸಿದವಳು, ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಟೀಮ್ ಮೀಟಿಂಗಲ್ಲಿ ಮಾತೇ ಬರುದಿಲ್ಲ ಅಂತ ಫೋನಲ್ಲಿ ಅತ್ತಿದ್ದಾಳೆ. ಗಂಡಸರು ಮಧ್ಯದಲ್ಲಿ ಬಾಯಿ ಹಾಕಿದ್ರೆ ಎಂತ ಮಾಡ್ಬೇಕು ಅಂತ ಕಾಲೇಜಲ್ಲಿ ನಮಗೆ ಪ್ರಾಕ್ಟೀಸ್ ಆಗ್ಲೇ ಇಲ್ಲ ಅಂತ ಅವಳ ವಾದ. ಅವಳ ಮಾತಲ್ಲಿ ಹುರುಳುಂಟು. ಹುಡುಗಿಯರೇ ಇರುವ ಕಡೆ ಬಂದ ಧೈರ್ಯ ಎಲ್ಲ ಕಡೆಗೂ ತನ್ನಷ್ಟಕ್ಕೆ ಬರುದಿಲ್ಲ. ನನಗೆ ಕೋ-ಎಡ್ಡಿನ ಎರಡು ಸೆಮಿಸ್ಟರ್ ಮೊದಲೇ ಆಗಿತ್ತು, ಹಾಗಾಗಿ ವ್ಯತ್ಯಾಸ ಎಲ್ಲಿ ಅಂತ ಕಂಡಿತು. ನೇರವಾಗಿ ಅಲ್ಲಿಗೇ ಸೇರಿದವರಿಗೆ ಅದು ಕಾಣುದು ಹೊರಗೆ ಹೋದ ಮೇಲೆಯೇ.

ಹಳೆ ವಿದ್ಯಾರ್ಥಿನಿಯರ ವಾಟ್ಸಾಪ್ ಗ್ರೂಪಲ್ಲಿ ಈಗ ಒಂದು ದೊಡ್ಡ ಚರ್ಚೆ. ಅಡ್ಮಿಷನ್ ವರ್ಷದಿಂದ ವರ್ಷಕ್ಕೆ ಇಳೀತಾ ಉಂಟು, ಹುಡುಗರನ್ನೂ ಸೇರಿಸಿಕೊಳ್ಳುವ ಅಂತ ಮ್ಯಾನೇಜ್‌ಮೆಂಟ್ ಯೋಚನೆ ಮಾಡ್ತಾ ಉಂಟಂತೆ. ಎಪ್ಪತ್ತರ ದಶಕದ ಅಕ್ಕಂದಿರು ಖಡಾಖಂಡಿತ ಬೇಡ ಅಂತ ಉದ್ದುದ್ದ ವಾಯ್ಸ್ ಮೆಸೇಜು ಹಾಕ್ತಾರೆ. ಕೆಲವರು ಕಾಲ ಬದಲಾಗಿದೆ ಅಂತಾರೆ. ನನ್ನ ಅಭಿಪ್ರಾಯ ಕೇಳಿದ್ರೆ, ಇನ್ನೂ ಬೇಡ. ಗೇಟು ನೋಡಿ ಮಕ್ಕಳನ್ನು ಸೇರಿಸುವ ಮನೆಗಳು ನಮ್ಮ ಕಡೆ ಮುಗಿದಿಲ್ಲ, ಆ ಗೇಟು ಇಲ್ಲದಿದ್ರೆ ಕೆಲವು ಹುಡುಗಿಯರು ಕೋ-ಎಡ್‌ಗೆ ಹೋಗುದಿಲ್ಲ, ಮನೆಯಲ್ಲಿ ಉಳೀತಾರೆ. ಆದ್ರೆ ದುಡ್ಡು ಎಲ್ಲಿಂದ ಬರ್ಬೇಕು ಅಂತ ಕೇಳಿದ್ರೆ ನನ್ನ ಹತ್ತಿರ ಉತ್ತರ ಇಲ್ಲ. ರಿಟೈರ್ ಆದ ಲೆಕ್ಚರರ ಪೋಸ್ಟಿಗೆ ವರ್ಷಗಟ್ಟಲೆ ಗೆಸ್ಟ್ ಲೆಕ್ಚರರು, ಸೋರುವ ಹಂಚಿನ ಬ್ಲಾಕು, ಅದೆಲ್ಲ ನೋಡಿದವರು ನಾವೇ. ಮುಂದಿನ ತಿಂಗಳು ಮೀಟಿಂಗ್ ಇಟ್ಟಿದ್ದಾರೆ, ಮಹಿಷಾಸುರ ಕೂಡ ಬರ್ತೇನೆ ಅಂದಿದ್ದಾಳೆ. ಬಿಡಿ, ಅಲ್ಲಿ ಎಂತ ತೀರ್ಮಾನ ಆದ್ರೂ ನಾನು ಎರಡು ಮಾತು ಎತ್ತುವವಳೇ. ಹುಡುಗರು ಬಂದ್ರೆ ಯೂನಿಯನ್ನಿನ ಟ್ರೆಷರರ್, ಸ್ಟೇಜ್ ಕಮಿಟಿ ಯಾರ ಕೈಯಲ್ಲಿ ಇರ್ತದೆ ಅಂತ ಮೊದಲೇ ಬರೆದಿಡಿ. ಬರದಿದ್ರೆ ಮಧ್ಯಾಹ್ನ ಆ ಗೇಟು ತೆರೀರಿ.